ಆರ್ಗನ್, ಅಡುಗೆಮನೆ, ಆದಿತ್ಯವಾರ

ಓದುಗರು ಕೇಳಿದ್ದು

ಕರಾವಳಿಯ ಕನ್ನಡ ಕ್ರೈಸ್ತ ಸಭೆಯೊಂದರಲ್ಲಿ (ಚರ್ಚಿನಲ್ಲಿ) ಮದುವೆಯಾಗಿ ಬಂದಂದಿನಿಂದಲೂ ಆರ್ಗನ್ ನುಡಿಸುತ್ತಿರುವ, ಈಗ ಮೊಮ್ಮಕ್ಕಳ ಅಜ್ಜಿಯಾಗಿರುವ ಮಹಿಳೆಯೊಬ್ಬರ ಪರಿಚಯವನ್ನು ಕಳೆದ ಸಂಚಿಕೆಯಲ್ಲಿ ಓದಿದ್ದೀರಿ. ಅವರಿಗೆಂದು ಬಂದ ಪತ್ರಗಳಲ್ಲಿ ಕೆಲವಕ್ಕೆ ಅವರೇ ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಅಮ್ಮಾ, ನಮ್ಮ ಸಭೆಯಲ್ಲಿ ಆರ್ಗನ್ ನುಡಿಸುತ್ತಿದ್ದ ಹಿರಿಯರಿಗೆ ಕೈನಡುಕ ಬಂದು ಬಿಟ್ಟುಬಿಟ್ಟರು. ನಾನು ಪಿಯಾನೊದಲ್ಲಿ ಐದನೇ ಗ್ರೇಡ್ ಮುಗಿಸಿದ್ದೇನೆಂದು ಅಯ್ಯನವರು (ಪಾದ್ರಿಗಳು) ನನ್ನನ್ನು ಕೇಳಿದ್ದಾರೆ. ಎರಡು ವರ್ಷದ ಮಗುವಿದೆ, ಶಾಲೆಯಲ್ಲಿ ಕೆಲಸವಿದೆ, ಮನೆಯಲ್ಲಿ ಅತ್ತೆ ಮಾವ ಇದ್ದಾರೆ. ಒಪ್ಪಿಕೊಳ್ಳಲೇ? ನೀವು ಹೇಗೆ ನಿಭಾಯಿಸಿದಿರಿ?
– ಒಬ್ಬ ತಾಯಿ, ಧಾರವಾಡ

ಒಪ್ಪಿಕೋ ಮಗಳೇ. ಆದರೆ ಹೂಂ ಅನ್ನುವ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಮಾತು ಖಚಿತ ಮಾಡಿಕೋ. ದಿನಕ್ಕೆ ಅರ್ಧ ಗಂಟೆ ನಿನ್ನದು. ಆ ಹೊತ್ತಿನಲ್ಲಿ ಹಾಲು ಉಕ್ಕಿದರೆ ಒಲೆ ಆರಿಸುವವರು ಬೇರೆಯವರು, ಮಗು ಅತ್ತರೆ ಎತ್ತಿಕೊಳ್ಳುವವರು ಬೇರೆಯವರು. ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಆರಾಧನೆಯಲ್ಲಿ ನುಡಿಸುವ ಹೆಂಗಸನ್ನು ಎಲ್ಲರೂ ಭಕ್ತಿವಂತೆ ಎಂದು ಹೊಗಳುತ್ತಾರೆ. ಭಕ್ತಿಯಿದ್ದರೆ ಬೆರಳು ತಾನಾಗಿ ಓಡುತ್ತದೆ ಎಂದು ನಂಬಿರುತ್ತಾರೆ. ಓಡುವುದಿಲ್ಲ. ಭಕ್ತಿ ನಮ್ಮನ್ನು ಆ ಪೀಠದ ಮೇಲೆ ಕೂರಿಸುತ್ತದೆ, ಮುಂದಿನದೆಲ್ಲ ಅಭ್ಯಾಸ. ಅಭ್ಯಾಸಕ್ಕೆ ಹೊತ್ತು ಬೇಕು. ಆ ಹೊತ್ತನ್ನು ಮನೆ ಕೊಡಬೇಕು.

ನನಗೆ ಅದನ್ನು ಕೊಟ್ಟವರು ನನ್ನ ಅತ್ತೆ. ಅವರಿಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲ, ಹಾಡಿನ ಪುಸ್ತಕ ಮಾತ್ರ ಅರ್ಧಕ್ಕರ್ಧ ಬಾಯಿಪಾಠ. ಶನಿವಾರ ರಾತ್ರಿಯೇ ಪುಂಡಿ ಕಡುಬಿಗೆ ಅಕ್ಕಿ ನೆನೆಹಾಕಿ ತೆಂಗಿನಕಾಯಿ ತುರಿದಿಡುತ್ತಿದ್ದರು. ಆದಿತ್ಯವಾರ ಬೆಳಿಗ್ಗೆ ಒಲೆಯ ಹತ್ತಿರ ನನ್ನನ್ನು ಸುಳಿಯಗೊಡುತ್ತಿರಲಿಲ್ಲ. ದೊಡ್ಡ ಮಗ ಎದೆಹಾಲು ಕುಡಿಯುವ ಕೂಸಾಗಿದ್ದಾಗ ಅವರು ಎರಡನೇ ಸಾಲಿನ ಬೆಂಚಿನಲ್ಲಿ ಅವನನ್ನು ಮಡಿಲಲ್ಲಿಟ್ಟು ಕೂರುತ್ತಿದ್ದರು. ಪ್ರಸಂಗ, ಅಂದರೆ ಅಯ್ಯನವರ ಉಪದೇಶ, ಶುರುವಾಗುತ್ತಲೇ ನಾನು ಸದ್ದಿಲ್ಲದೆ ಎದ್ದು ಹಿಂದಿನ ಕೋಣೆಗೆ ಹೋಗಿ ಹಾಲು ಕೊಡುವುದು, ಅತ್ತೆ ಬಾಗಿಲಲ್ಲೇ ನಿಂತು ಕಿವಿಗೊಟ್ಟು, ಅಯ್ಯನವರು ಮುಗಿಸುವ ಲಕ್ಷಣ ಕಂಡಾಗ ಕೈಸನ್ನೆ ಮಾಡುವುದು. ಪ್ರಸಂಗದ ನಂತರದ ಹಾಡು ನಮ್ಮಿಬ್ಬರಿಂದಾಗಿ ಎಂದೂ ತಡವಾಗಲಿಲ್ಲ. ಸಭೆಯ ನೂರು ವರ್ಷದ ಪುಸ್ತಕದಲ್ಲಿ ಆರ್ಗನ್ ನುಡಿಸಿದವರ ಪಟ್ಟಿಯಿದೆ. ಅದರಲ್ಲಿ ಅವರ ಹೆಸರಿಲ್ಲ, ಇರಬೇಕಿತ್ತು ಎಂದು ನಾನು ಸಭಾ ಕಮಿಟಿಗೆ ಬರೆದುಕೊಟ್ಟಿದ್ದೇನೆ.

ಇನ್ನು ಅರ್ಧ ಗಂಟೆಯಲ್ಲಿ ಏನು ಮಾಡಬೇಕು? ನೀನು ಪಿಯಾನೊದಿಂದ ಬಂದವಳು. ಪಿಯಾನೊದಲ್ಲಿ ಬೆರಳೆತ್ತಿದರೂ ಕಾಲಡಿಯ ಪೆಡಲ್ ಸ್ವರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರ್ಗನ್‌ನಲ್ಲಿ ಬೆರಳೆತ್ತಿದ ಕ್ಷಣಕ್ಕೆ ಸ್ವರ ಸತ್ತುಹೋಗುತ್ತದೆ, ಎತ್ತದಿದ್ದರೆ ಎಷ್ಟು ಹೊತ್ತಾದರೂ ಹಾಗೇ ನಿಂತಿರುತ್ತದೆ. ಆದ್ದರಿಂದ ಒಂದು ಕೀ ಬಿಡುವ ಮೊದಲು ಮತ್ತೊಂದನ್ನು ಹಿಡಿಯುವ, ಒತ್ತಿದ ಕೀ ಮೇಲೆಯೇ ಬೆರಳು ಬದಲಿಸುವ ಕೆಲಸವನ್ನು ನಿಧಾನವಾಗಿ ಕಲಿ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಬಿಡಿಸಿ ಹೊಡೆ. ಇಲ್ಲದಿದ್ದರೆ ಸಭೆಗೆ ಎಲ್ಲಿ ಹೊಸ ಅಕ್ಷರ ಎಂದು ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡದು ಉಸಿರು. ನುಡಿಸುವಾಗ ನೀನೂ ಹಾಡು, ದನಿ ಹೊರಗೆ ಬರದಿದ್ದರೂ ಸರಿ, ತುಟಿಯಾದರೂ ಆಡಲಿ. ಸಾಲು ಮುಗಿದಲ್ಲಿ ನಿನಗೆ ಉಸಿರು ಬೇಕೆನಿಸಿದಷ್ಟು ಹೊತ್ತು ಎರಡೂ ಕೈ ಎತ್ತು. ಇಡೀ ಸಭೆ ನಿನ್ನ ಜೊತೆಯಲ್ಲೇ ಉಸಿರೆಳೆದುಕೊಳ್ಳುತ್ತದೆ. ನಾನು ಚಿಕ್ಕವಳಿದ್ದಾಗ ನನಗೆ ಕಲಿಸಿದ ಟೀಚರ್ ನುಡಿಸುವಾಗ ನಾನು ಆರ್ಗನ್ ಪಕ್ಕದಲ್ಲಿ ನಿಂತು ಅವರ ಭುಜ ನೋಡುತ್ತಿದ್ದೆ. ಪ್ರತಿ ಸಾಲಿನ ಕೊನೆಗೆ ಆ ಭುಜ ಒಂದಿಷ್ಟು ಮೇಲೇಳುತ್ತಿತ್ತು, ಬೆಂಚುಗಳಲ್ಲಿ ಕೂತ ಮುದುಕರ ಭುಜವೂ ಏಳುತ್ತಿತ್ತು. ಗಟ್ಟಿಯಾಗಿ ನುಡಿಸಿದರೆ ಜನ ಹಾಡುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಉಸಿರಿಗೆ ಜಾಗ ಕೊಟ್ಟರೆ ಹಾಡುತ್ತಾರೆ.

ಮರಣದ ಮನೆಯ ಹಾಡುಗಳನ್ನು ಬೇರೆಯೇ ಅಭ್ಯಾಸ ಮಾಡು. ಪುಸ್ತಕದಲ್ಲಿರುವುದಕ್ಕಿಂತ ಒಂದು ಸ್ವರ ಕೆಳಗಿಳಿಸಿ ನುಡಿಸುವುದನ್ನು ಕಲಿತಿಟ್ಟುಕೋ, ಅತ್ತ ಗಂಟಲಿಗೆ ಮೇಲಿನ ಸ್ವರ ಎಟುಕುವುದಿಲ್ಲ. ಮಣ್ಣು ಕೊಡುವಲ್ಲಿ ವಾದ್ಯವೇ ಇರುವುದಿಲ್ಲ. ಅಲ್ಲಿ ಎಲ್ಲರೂ ನಿನ್ನ ಮುಖ ನೋಡುತ್ತಾರೆ, ಶ್ರುತಿ ಹಿಡಿದು ಮೊದಲ ಪದ ಎತ್ತಿಕೊಡಬೇಕಾದವಳು ನೀನೇ.

ಸಭೆಯ ಹತ್ತಿರವೂ ಮಾತಾಡಿಕೋ. ಹಾಡುಗಳ ನಂಬರು ಗುರುವಾರದೊಳಗೆ ಕೈಗೆ ಬರಬೇಕು. ತಿಂಗಳಿಗೊಂದು ಆದಿತ್ಯವಾರ ನೀನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಪಕ್ಕದಲ್ಲಿ ಕೂತು ಹಾಡಬೇಕು. ಅದಕ್ಕಾಗಿ ಸಂಡೇ ಸ್ಕೂಲಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈಗಿನಿಂದಲೇ ಜೊತೆಗೆ ಕೂರಿಸಿಕೊಂಡು ತಯಾರು ಮಾಡು. ಗೌರವಧನ ಕೊಟ್ಟರೆ ತೆಗೆದುಕೋ, ಸಂಕೋಚ ಬೇಡ. ಬೇಡವೆನಿಸಿದರೆ ಆಮೇಲೆ ಕಾಣಿಕೆಗೆ ಹಾಕು. ಅದು ನಿನ್ನ ಇಷ್ಟ. ಆದರೆ ಕೊಡಬೇಕೆಂಬ ರೂಢಿ ಸಭೆಗೆ ಇರಲಿ. ನಿನ್ನ ನಂತರ ಬರುವ ಹುಡುಗಿಗೆ ಬಸ್ಸಿನ ದುಡ್ಡಿಗೂ ಕಷ್ಟವಿರಬಹುದು. ಸೇವೆ ಎಂಬ ಮಾತನ್ನು ಮುಂದಿಟ್ಟುಕೊಂಡು ಹೆಂಗಸರನ್ನು ಪುಕ್ಕಟೆಯಾಗಿ ದುಡಿಸಿಕೊಳ್ಳುವುದು ನನಗೆ ಎಂದೂ ಸರಿಕಂಡಿಲ್ಲ.

ಪ್ರಶ್ನೆ: ನನ್ನ ಹೆಂಡತಿ ಚರ್ಚಿನ ಕ್ವಾಯರ್ (ಗಾಯನ ತಂಡ) ನಡೆಸುತ್ತಾಳೆ. ಪ್ರತಿ ಶನಿವಾರ ಸಂಜೆ ಅಭ್ಯಾಸ, ಡಿಸೆಂಬರ್ ಬಂದರೆ ದಿನಾ ಅಭ್ಯಾಸ. ಮಕ್ಕಳ ಹೋಂವರ್ಕ್, ರಾತ್ರಿಯ ಊಟ ಎಲ್ಲ ನನ್ನ ಮೇಲೆ. ಚರ್ಚ್ ನಮ್ಮ ಮನೆಯನ್ನೇ ಕಿತ್ತುಕೊಂಡಂತೆ ಅನಿಸುತ್ತದೆ. ಕಡಿಮೆ ಮಾಡು ಎಂದು ಕೇಳುವುದು ತಪ್ಪೇ?
– ಓದುಗ, ಹುಬ್ಬಳ್ಳಿ

ನಿಮ್ಮ ಬೇಸರ ಸುಳ್ಳಲ್ಲ ತಮ್ಮಾ. ಆದರೆ ಕೇಳಬೇಕಾದದ್ದು ಅವಳನ್ನಲ್ಲ, ಕ್ವಾಯರ್‌ನವರನ್ನು. ಆರಕ್ಕೆ ಕರೆದ ಅಭ್ಯಾಸ ಆರೂಮುಕ್ಕಾಲಿಗೆ ಶುರುವಾಗುವುದು ಹೆಚ್ಚಿನ ಕಡೆ ನಡೆಯುವ ಸಂಗತಿ. ಹೊತ್ತಿಗೆ ಸರಿಯಾಗಿ ಬಂದ ನಾಯಕಿ ಬಾರದವರಿಗಾಗಿ ಕಾಯುತ್ತ ಕೂತಿರುತ್ತಾಳೆ, ಮನೆಯಲ್ಲಿ ಮಕ್ಕಳೂ ಕಾಯುತ್ತಿರುತ್ತಾರೆ. ಆರಕ್ಕೆ ಇದ್ದಷ್ಟು ಜನರಿಂದಲೇ ಶುರು, ಏಳೂವರೆಗೆ ಪ್ರಾರ್ಥನೆ ಎಂದು ಅವಳು ಕಟ್ಟುನಿಟ್ಟು ಮಾಡಲಿ, ನೀವು ಬೆಂಬಲಕ್ಕೆ ನಿಲ್ಲಿ. ಕ್ರಿಸ್ಮಸ್ ಹಾಡುಗಳನ್ನು ಅಕ್ಟೋಬರಿನಲ್ಲೇ ಎತ್ತಿಕೊಂಡರೆ ಡಿಸೆಂಬರ್ ಅಷ್ಟು ಬಿಗಿಯಾಗುವುದಿಲ್ಲ.

ಇನ್ನೊಂದು ಮಾತು. ಮಕ್ಕಳನ್ನೂ ಕರೆದುಕೊಂಡು ನೀವೇ ಅಭ್ಯಾಸಕ್ಕೆ ಹೋಗಿ ನೋಡಿ. ಟೆನರ್, ಬೇಸ್ ದನಿಗಳಿಗೆ ಗಂಡಸರು ಸಾಕಷ್ಟಿರುವ ಕ್ವಾಯರನ್ನು ನಾನಂತೂ ನಮ್ಮ ಕಡೆ ಹೆಚ್ಚು ಕಂಡಿಲ್ಲ. ನನ್ನ ಯಜಮಾನರಿಗೆ ಸ್ವರಜ್ಞಾನ ಇರಲಿಲ್ಲ. ಆದರೂ ಪ್ರತಿ ಆದಿತ್ಯವಾರ ನನ್ನ ಎಡಕ್ಕೆ ನಿಂತು ಪುಟ ತಿರುಗಿಸುತ್ತಿದ್ದರು. ಪುಸ್ತಕ ನೋಡಿಯಲ್ಲ, ನನ್ನ ತಲೆಯಾಡುವುದನ್ನು ನೋಡಿ. ದೊಡ್ಡ ಹಬ್ಬಗಳಲ್ಲಿ, ಹಾಡು ಉದ್ದವಿದ್ದಾಗ, ಅವರು ಅಲ್ಲಿ ನಿಂತಿದ್ದಾರೆ ಎಂಬುದೇ ನನಗೆ ಧೈರ್ಯ. ಮಕ್ಕಳು ಮೂವರೂ ಆರ್ಗನ್ ಹಿಂದಿನ ಚಾಪೆಯ ಮೇಲೆ ಬಣ್ಣದ ಪೆನ್ಸಿಲ್ ಹಿಡಿದು ಬೆಳೆದವರು. ಇಬ್ಬರು ಹಾಡುತ್ತಾರೆ, ಒಬ್ಬ ಹಾಡುವುದಿಲ್ಲ. ಯಾರನ್ನೂ ನಾವು ಬಲವಂತ ಮಾಡಲಿಲ್ಲ.

ಪ್ರಶ್ನೆ: ಕೀಬೋರ್ಡ್ ಕ್ಲಾಸಿನಲ್ಲಿ ‘ಅನ್ನಾ ಮಗ್ದಲೇನಾ ಪುಸ್ತಕ’ದ್ದೆಂದು ಒಂದು ಮಿನುಯೆಟ್ (ಕುಣಿತದ ಮಟ್ಟು) ಕಲಿಸಿದರು. ನೀವೂ ಪರಿಚಯ ಲೇಖನದಲ್ಲಿ ಆಕೆಯ ಹೆಸರು ಹೇಳಿದ್ದಿರಿ. ಆಕೆ ಯಾರು? ಚರ್ಚಿನ ಸಂಗೀತಗಾರ್ತಿಯೇ, ಇಲ್ಲವೇ ಸಂಗೀತಗಾರನ ಹೆಂಡತಿ ಮಾತ್ರವೇ?
– ವಿದ್ಯಾರ್ಥಿನಿ, ಮೈಸೂರು

ಈ ಪ್ರಶ್ನೆಗೆ ಎಷ್ಟು ಪುಟ ಕೊಟ್ಟರೂ ನನಗೆ ಸಾಲದು. ‘ಮಾತ್ರವೇ’ ಎಂದೆಯಲ್ಲ, ಅದರಿಂದಲೇ ಶುರು ಮಾಡುತ್ತೇನೆ.

ಅನ್ನಾ ಮಗ್ದಲೇನಾ ಹುಟ್ಟಿದ್ದು 1701ರಲ್ಲಿ, ಜರ್ಮನಿಯ ತ್ಸೈಟ್ಸ್ ಎಂಬ ಊರಿನಲ್ಲಿ. ತಂದೆ ಅರಮನೆಯ ಕಹಳೆಗಾರರು. ಇಪ್ಪತ್ತರ ಹೊತ್ತಿಗೆ ಆಕೆ ಕೋಥೆನ್ ಎಂಬ ಸಣ್ಣ ಸಂಸ್ಥಾನದ ಆಸ್ಥಾನದಲ್ಲಿ ಸಂಬಳ ಪಡೆಯುವ ಗಾಯಕಿ. ಅಂದರೆ ಮದುವೆಯಿಂದ ಸಂಗೀತ ಬಂದದ್ದಲ್ಲ, ಆಕೆಯೇ ಸಂಗೀತ ತಂದವಳು. ಅಲ್ಲಿಯ ಸಂಗೀತ ನಿರ್ದೇಶಕ, ಇಂದು ಜಗತ್ಪ್ರಸಿದ್ಧ ಸಂಗೀತ ರಚನಕಾರರೆನಿಸಿದ ಯೊಹಾನ್ ಸೆಬಾಸ್ಟಿಯನ್ ಬಾಖ್, ಹಿಂದಿನ ವರ್ಷವಷ್ಟೇ ಹೆಂಡತಿಯನ್ನು ಕಳೆದುಕೊಂಡು ನಾಲ್ಕು ಮಕ್ಕಳೊಂದಿಗೆ ಉಳಿದವರು. 1721ರ ಡಿಸೆಂಬರಿನಲ್ಲಿ ಮದುವೆಯಾಯಿತು. ಹೊಸ ಸೊಸೆ ಬಂದ ದಿನವೇ ನಾಲ್ಕು ಮಕ್ಕಳ ತಾಯಿ. ಮುಂದೆ ತಾನೇ ಹದಿಮೂರು ಮಕ್ಕಳನ್ನು ಹೆತ್ತಳು, ಏಳನ್ನು ಎಳವೆಯಲ್ಲೇ ಮಣ್ಣಿಗಿಟ್ಟಳು. ಹೆತ್ತವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

1723ರಲ್ಲಿ ಸಂಸಾರ ಲೈಪ್‌ಜಿಗ್‌ಗೆ ಬಂತು. ಗಂಡ ಸಂತ ತೋಮಸರ ಚರ್ಚಿನ ಸಂಗೀತದ ಹೊಣೆ ಹೊತ್ತರು. ಆದರೆ ಆ ಊರಿನ ಆರಾಧನೆಗಳಲ್ಲಿ ಕ್ವಾಯರ್ ಎಂದರೆ ಶಾಲೆಯ ಹುಡುಗರು. ಮೇಲಿನ ದನಿಯನ್ನೂ ಅವರೇ ಹಾಡುತ್ತಿದ್ದರು, ಹೆಂಗಸರಿಗೆ ಅಲ್ಲಿ ಜಾಗವಿಲ್ಲ. ಆಸ್ಥಾನದಲ್ಲಿ ಹಾಡಿದ ಕಂಠ ಚರ್ಚಿನ ಬೆಂಚಿಗೆ ಬಂದು ಕೂತಿತು. ಹಾಗೆಂದು ಆಕೆ ಸುಮ್ಮನಾಗಲಿಲ್ಲ. ಮೊದಲ ವರ್ಷಗಳಲ್ಲಿ ಬಾಖ್ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕೃತಿ ಬರೆಯುತ್ತಿದ್ದರು. ಆಗ ಜೆರಾಕ್ಸ್ ಇಲ್ಲ. ಒಬ್ಬೊಬ್ಬ ಗಾಯಕನಿಗೂ ವಾದಕನಿಗೂ ಅವನವನ ಭಾಗವನ್ನು ಗರಿ ಲೇಖನಿಯಲ್ಲಿ ಪ್ರತಿ ಮಾಡಿ ಕೊಡಬೇಕು. ಶಿಷ್ಯರ ಜೊತೆ ಮನೆಯವರೂ ಅದಕ್ಕೆ ಕೂರುತ್ತಿದ್ದರು, ಈಕೆಯೂ ಕೂರುತ್ತಿದ್ದಳು. ಬರಹ ಗಂಡನ ಬರಹವನ್ನೇ ಹೋಲುತ್ತಿದ್ದುದರಿಂದ ಯಾವುದು ಯಾರದೆಂದು ಬೇರ್ಪಡಿಸುವುದು ವಿದ್ವಾಂಸರಿಗೂ ಸುಲಭವಾಗಲಿಲ್ಲ. ಪಿಟೀಲಿನ ಜಾತಿಯ ದೊಡ್ಡ ವಾದ್ಯವಾದ ಚೆಲ್ಲೋ ಒಂದಕ್ಕೇ ಎಂದು ಬಾಖ್ ಬರೆದ ಆರು ಕೃತಿಗಳ ಮೂಲ ಹಸ್ತಪ್ರತಿ ಕಳೆದುಹೋಗಿದೆ. ಇಂದು ಜಗತ್ತಿನಾದ್ಯಂತ ಚೆಲ್ಲೋ ವಾದಕರು ಮುಖ್ಯವಾಗಿ ನೆಚ್ಚಿಕೊಂಡಿರುವುದು ಅನ್ನಾ ಮಗ್ದಲೇನಾ ಮಾಡಿದ ಪ್ರತಿಯನ್ನು. ತೊಟ್ಟಿಲು ತೂಗುವ ಮನೆಯಲ್ಲಿ ಒಬ್ಬ ತಾಯಿ ಮಾಡಿದ ಆ ಪ್ರತಿ ಉಳಿದದ್ದು ನಮಗೆಲ್ಲ ದೊಡ್ಡ ಭಾಗ್ಯ.

ನಿನ್ನ ಕ್ಲಾಸಿನ ಪುಸ್ತಕಕ್ಕೆ ಬರೋಣ. ಗಂಡ ಹೆಂಡತಿಗಾಗಿ ಶುರು ಮಾಡಿಕೊಟ್ಟ ಟಿಪ್ಪಣಿ ಪುಸ್ತಕಗಳು ಎರಡು, 1722ರದ್ದು ಮತ್ತು 1725ರದ್ದು. ಎರಡನೆಯದರಲ್ಲಿ ಹೆಚ್ಚಿನ ಭಾಗ ಆಕೆಯ ಕೈಬರಹ. ಮಕ್ಕಳ ಪಾಠ, ಭಕ್ತಿಗೀತೆ, ಕುಣಿತದ ಮಟ್ಟು ಎಲ್ಲ ಒಂದೇ ಪುಸ್ತಕದಲ್ಲಿ ಕಲೆತಿವೆ. ನೀನು ಕಲಿತದ್ದು ಜಿ ಮೇಜರ್ ಮಿನುಯೆಟ್ ಆಗಿದ್ದರೆ, ಅದು ಬಾಖ್ ರಚನೆಯಲ್ಲ. ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂಬ ಆರ್ಗನ್ ವಾದಕರದ್ದು. ಆಕೆಗೆ ಇಷ್ಟವಾಗಿ ಬರೆದುಕೊಂಡದ್ದರಿಂದ ನಿನ್ನ ಬೆರಳಿಗೂ ಬಂತು.

1730ರ ಅಕ್ಟೋಬರಿನಲ್ಲಿ ಬಾಖ್ ಒಬ್ಬ ಗೆಳೆಯನಿಗೆ ಬರೆದ ಪತ್ರ ಉಳಿದಿದೆ. ಕೆಲಸದ ಕಷ್ಟವನ್ನೆಲ್ಲ ಹೇಳಿಕೊಂಡು ಕೊನೆಗೆ, ಮನೆಯವರೇ ಸೇರಿ ಒಂದು ಕಛೇರಿ ನಡೆಸಬಲ್ಲೆವು, ಹೆಂಡತಿಯ ಮೇಲಿನ ದನಿ ಸ್ವಚ್ಛವಾಗಿದೆ, ದೊಡ್ಡ ಮಗಳೂ ಚೆನ್ನಾಗಿಯೇ ಜೊತೆಗೂಡುತ್ತಾಳೆ ಎಂದು ಹೆಮ್ಮೆಯಿಂದ ಬರೆದಿದ್ದಾರೆ. ಆ ದೊಡ್ಡ ಮಗಳು ಮೊದಲ ಹೆಂಡತಿಯ ಮಗಳು ಎಂಬುದನ್ನು ನೆನಪಿಡು. ಮಲತಾಯಿ ಮಗಳು ಕೂಡಿ ಹಾಡಿದ ಮನೆ ಅದು.

ನನಗೆ ಆಕೆ ಹತ್ತಿರವಾದದ್ದು ಹೂವಿನ ಗಿಡದ ಸಂಗತಿಯಿಂದ. 1740ರಲ್ಲಿ ಆ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಬಂಧುವೊಬ್ಬರು ಹಳದಿ ಕಾರ್ನೇಷನ್ ಸಸಿಗಳನ್ನು ತರಿಸಿಕೊಟ್ಟರು. ಮಕ್ಕಳು ಕ್ರಿಸ್ಮಸ್ ಉಡುಗೊರೆಗೆ ಹಿಗ್ಗುವುದಕ್ಕಿಂತ ಹೆಚ್ಚಾಗಿ ಆಕೆ ಈ ಗಿಡಗಳಿಗೆ ಹಿಗ್ಗುತ್ತಾಳೆ, ಎಳೆ ಮಕ್ಕಳಂತೆ ನೋಡಿಕೊಳ್ಳುತ್ತಾಳೆ ಎಂದು ಅವರು ಬರೆದಿಟ್ಟಿದ್ದಾರೆ. ಹಾಡುವ ಹಕ್ಕಿಯೊಂದನ್ನೂ ಆಕೆಗಾಗಿ ಹುಡುಕಿಸಿದ್ದರಂತೆ. ಅಷ್ಟು ಮಕ್ಕಳು, ಅಷ್ಟು ಪ್ರತಿ ಮಾಡುವ ಕೆಲಸ, ಬಂದುಹೋಗುವ ಶಿಷ್ಯರು, ಇದರ ನಡುವೆ ತನಗೇ ಎಂದು ಆರು ಹೂವಿನ ಗಿಡ ಇಟ್ಟುಕೊಂಡ ಹೆಂಗಸು.

1750ರಲ್ಲಿ ಗಂಡ ತೀರಿಕೊಂಡ ಮೇಲೆ ಹೆಣ್ಣುಮಕ್ಕಳೊಂದಿಗೆ ಹತ್ತು ವರ್ಷ ಬದುಕಿ, ಊರಿನ ಧರ್ಮಾರ್ಥ ಸಹಾಯದಲ್ಲಿದ್ದುಕೊಂಡು 1760ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಳು. ಈ ಭಾಗ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಪ್ಪತ್ತೇಳು ವರ್ಷ ಆ ಊರಿನ ಚರ್ಚುಗಳ ಸಂಗೀತವನ್ನು ತನ್ನ ಅಡುಗೆಮನೆಯ ಪಕ್ಕದಲ್ಲೇ ಸಾಕಿದವಳಿಗೆ ಮುಪ್ಪಿನಲ್ಲಿ ನೆಮ್ಮದಿಯ ಜೀವನಾಂಶ ಸಿಗಲಿಲ್ಲ. ಆಕೆಯ ಕಿರಿಯ ಮಗ ಯೊಹಾನ್ ಕ್ರಿಸ್ಟಿಯಾನ್ ಮುಂದೆ ಲಂಡನ್ನಿನಲ್ಲಿ ದೊಡ್ಡ ಹೆಸರು ಮಾಡಿದ. ಹುಡುಗ ಮೊಜಾರ್ಟ್ ಅಲ್ಲಿಗೆ ಹೋದಾಗ ಅವನಿಂದ ಕಲಿತ. ಆಕೆ ಅದನ್ನು ನೋಡಲಿಲ್ಲ.

ಚರ್ಚಿನ ಸಂಗೀತಗಾರ್ತಿಯೇ ಎಂದು ಕೇಳಿದೆ. ಹೌದು, ಖಂಡಿತ. ಇನ್ನೊಬ್ಬಾಕೆಯ ಹೆಸರನ್ನೂ ಬರೆದಿಟ್ಟುಕೋ: ಇಂಗ್ಲೆಂಡಿನ ನಾರ್ವಿಚ್‌ನ ಸಾರಾ ಗ್ಲೋವರ್. ಪಾದ್ರಿಯ ಮಗಳು. ಊರಿನ ಮಕ್ಕಳಿಗೆ ಚರ್ಚಿನ ಹಾಡು ಕಲಿಸಲೆಂದು ಅಕ್ಷರಗಳಲ್ಲಿ ಸ್ವರ ಬರೆಯುವ ಪದ್ಧತಿಯೊಂದನ್ನು ರೂಪಿಸಿ 1835ರಲ್ಲಿ ಪ್ರಕಟಿಸಿದಳು. ಅದನ್ನು ಆಧಾರವಾಗಿಟ್ಟುಕೊಂಡು ಜಾನ್ ಕರ್ವೆನ್ ಬೆಳೆಸಿದ್ದೇ ಟಾನಿಕ್ ಸೋಲ್ಫಾ. ನಮ್ಮ ಕ್ವಾಯರ್‌ಗಳಲ್ಲಿ ಐದು ಗೆರೆಯ ಲಿಪಿ ಓದಲಾಗದ ಎಷ್ಟೋ ಜನ ನಾಲ್ಕು ದನಿಯಲ್ಲಿ ಹಾಡಲು ಸಾಧ್ಯವಾದದ್ದು ಆ ಸೋಲ್ಫಾದಿಂದ.

ಪ್ರಶ್ನೆ: ವಿದೇಶಿ ಟ್ಯೂನ್‌ಗಳಲ್ಲಿ ಕನ್ನಡ ಪದಗಳು ಎಳೆದಾಡಿದಂತಿರುತ್ತವೆ. ಅವನ್ನೆಲ್ಲ ಬಿಟ್ಟು ನಮ್ಮ ರಾಗತಾಳದ ಕೀರ್ತನೆಗಳನ್ನೇ ಹಾಡಬಾರದೇ?
– ಓದುಗ, ಮಂಗಳೂರು

ಎಳೆದಾಡುವುದು ನಿಜ. ಬಹಳಷ್ಟು ಟ್ಯೂನ್‌ಗಳು ದುರ್ಬಲ ಪೆಟ್ಟಿನಿಂದ ಶುರುವಾಗಿ ಎರಡನೇ ಸ್ವರದ ಮೇಲೆ ಭಾರ ಹಾಕುತ್ತವೆ. ನಮ್ಮ ಮಾತಿನಲ್ಲಿ ಭಾರ ಮೊದಲ ಅಕ್ಷರದ ಮೇಲೆ. ‘ದೇವರೇ’ ಎಂದು ಹಾಡು ಎತ್ತಿದರೆ ‘ದೇ’ ಗಿಡ್ಡವಾಗಿ, ಸಣ್ಣದಾಗಿರಬೇಕಾದ ‘ವ’ ಉದ್ದವಾಗಿಬಿಡುತ್ತದೆ. ಇದು ನಮ್ಮ ಹಳಬರಿಗೂ ತಿಳಿದ ಕಷ್ಟವೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು, ಜೊತೆಗೆ ಅವರ ಊರಿನ ಟ್ಯೂನ್‌ಗಳೂ ಬಂದವು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ನಮ್ಮ ಛಂದಸ್ಸನ್ನು ಕಲಿತು, ಕ್ರಿಸ್ತನ ಜೀವನವನ್ನು ಕನ್ನಡದ ಮಟ್ಟುಗಳಲ್ಲೇ ಹೇಳುವ ‘ಕಥಾಮಾಲೆ’ಯನ್ನು 1862ರಲ್ಲಿ ತಂದರು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರೂ ಅವರೇ. ಜನ ಅವರನ್ನು ನಿಘಂಟಿನಿಂದ ಬಲ್ಲರು. ನಾನು ಅವರನ್ನು ಕಿವಿ ಇದ್ದ ಮನುಷ್ಯ ಎಂದು ಗೌರವಿಸುತ್ತೇನೆ.

ಆದರೂ ಟ್ಯೂನ್‌ಗಳನ್ನು ಬಿಡಿ ಎನ್ನಲು ನನಗೆ ಮನಸ್ಸು ಬಾರದು. ನಾಲ್ಕಾರು ತಲೆಮಾರು ಅವನ್ನೇ ಹಾಡಿ ಮದುವೆಯಾಗಿವೆ, ಅವನ್ನೇ ಕೇಳುತ್ತ ಕಣ್ಣು ಮುಚ್ಚಿವೆ. ಅವು ಈಗ ವಿದೇಶಿ ಅಲ್ಲ. ನುಡಿಸುವವರು ಜಾಣತನ ತೋರಿಸಿದರೆ ಪದಗಳ ನೋವು ಅರ್ಧ ಕಡಿಮೆಯಾಗುತ್ತದೆ. ಭಾರ ಬೀಳಬಾರದ ಅಕ್ಷರದ ಕೆಳಗೆ ಎಡಗೈಯನ್ನು ಹಗುರ ಮಾಡಿ, ದೀರ್ಘ ಬಂದಲ್ಲಿ ತುಸು ನಿಲ್ಲಿ. ಕೀರ್ತನೆಗಳಿಗೆ ಬಂದಾಗ ಆರ್ಗನ್ ಮುಚ್ಚಿ, ಕೈ ಹಾರ್ಮೋನಿಯಂ, ತಬಲ, ತಾಳ ತನ್ನಿ. ಗಮಕವಿರುವ ಕಡೆ ನಾಲ್ಕು ದನಿಯ ಸ್ವರಗಳನ್ನು ತುರುಕುವುದನ್ನು ದಯವಿಟ್ಟು ನಿಲ್ಲಿಸಿ. ಒಂದೇ ಆರಾಧನೆಯಲ್ಲಿ ಎರಡಕ್ಕೂ ಜಾಗವಿದೆ.

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಕಾಲಿನಿಂದ ತುಳಿಯುವ ಹಳೆಯ ಆರ್ಗನ್ ಇದೆ. ಪ್ರತಿ ಮಳೆಗಾಲ ಕೀಗಳು ಸಿಕ್ಕಿಕೊಳ್ಳುತ್ತವೆ, ಕೆಲವು ಸ್ವರ ಮೂಕವಾಗುತ್ತವೆ. ಮಾರಿ ಎಲೆಕ್ಟ್ರಾನಿಕ್ ಕೀಬೋರ್ಡ್ ಕೊಳ್ಳೋಣ ಎನ್ನುತ್ತಾರೆ. ಉಳಿಸಿಕೊಳ್ಳಲು ದಾರಿಯಿದೆಯೇ?
– ಓದುಗಿ, ಕುಂದಾಪುರ

ಕೀಬೋರ್ಡ್ ಬೇಕಾದರೆ ಕೊಳ್ಳಿ, ಆರ್ಗನ್ ಮಾರಬೇಡಿ. ಜೂನ್ ಶುರುವಾಗುವ ಮೊದಲೇ ಅದನ್ನು ಗೋಡೆಯಿಂದ ಒಂದು ಮೊಳ ಈಚೆಗೆ ಎಳೆದಿಡಿ. ಒಳಗೆ ಕಡಿಮೆ ವ್ಯಾಟಿನ ಹಳೆಯ ಕಾಲದ ಬಲ್ಬೊಂದನ್ನು, ಮರಕ್ಕೂ ಬಟ್ಟೆಗೂ ತಾಗದಂತೆ, ಎಲೆಕ್ಟ್ರಿಷಿಯನ್ ಕೈಯಿಂದ ಕೂರಿಸಿ. ಜನ ಇರುವಾಗ ಮಾತ್ರ ದಿನಾ ಒಂದಿಷ್ಟು ಹೊತ್ತು ಉರಿಸಿ. ಎಲ್‌ಇಡಿ ಬಲ್ಬಿಗೆ ಆ ಬಿಸಿ ಇರುವುದಿಲ್ಲ. ಇಲಿ ಬಾರದಂತೆ ಪೆಡಲ್‌ಗಳ ಸಂದಿಗೆ ತಂತಿಜಾಲರಿ ಹೊಡೆಸಿ. ಇಲಿಗೆ ಮೊದಲು ರುಚಿಸುವುದು ತಿದಿಯ ಬಟ್ಟೆ. ಸಿಕ್ಕಿಕೊಂಡ ಕೀಯನ್ನು ಉಜ್ಜಿ ಸಣ್ಣದು ಮಾಡಲು ಯಾರಿಗೂ ಬಿಡಬೇಡಿ, ಬಿಸಿಲು ಬಂದ ಮೇಲೆ ಮರ ತಾನಾಗಿ ಇಳಿಯುತ್ತದೆ.

ಮೂಕವಾದ ಸ್ವರಕ್ಕೆ ಹೆಚ್ಚಾಗಿ ಕಾರಣ ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿಯ, ಅಂದರೆ ರೀಡಿನ, ನಾಲಿಗೆಯಡಿ ಕೂತ ಧೂಳಿನ ಕಣ. ಕೊಕ್ಕೆಯಿಂದ ರೀಡನ್ನು ಮೆಲ್ಲಗೆ ಹೊರಗೆಳೆದು, ಮೆತ್ತನೆಯ ಒಣ ಬ್ರಷ್‌ನಿಂದ ಬುಡದಿಂದ ತುದಿಯ ಕಡೆಗೆ ಒಮ್ಮೆ ಸವರಿ, ಇದ್ದಲ್ಲೇ ಇಡಿ. ನೀರು, ಎಣ್ಣೆ, ಬ್ಲೇಡು ಮುಟ್ಟಿಸಬೇಡಿ. ಚೂರು ಕೆರೆದರೂ ಶ್ರುತಿ ಬದಲಾಗುತ್ತದೆ. ತಿದಿ ಹರಿದಿದ್ದರೆ ಹಾರ್ಮೋನಿಯಂ ರಿಪೇರಿ ಮಾಡುವವರನ್ನು ಕರೆಸಿ. ಆದರೆ ಕೈ ಹಾರ್ಮೋನಿಯಂ ಗಾಳಿಯನ್ನು ಹೊರಕ್ಕೆ ನೂಕುತ್ತದೆ, ಕಾಲಿನ ಆರ್ಗನ್‌ಗಳಲ್ಲಿ ಹೆಚ್ಚಿನವು ಒಳಕ್ಕೆ ಹೀರುತ್ತವೆ. ಕೆಲಸ ಒಪ್ಪಿಸುವ ಮೊದಲು ಇದು ಅವರಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ಮತ್ತೆ, ವಾರಕ್ಕೆ ಎರಡು ಸಲವಾದರೂ ಯಾರಾದರೂ ಕೂತು ನುಡಿಸಲಿ. ಸಂಡೇ ಸ್ಕೂಲಿನ ಮಕ್ಕಳನ್ನೇ ಕೂರಿಸಿ, ಕೈ ತೊಳೆದುಕೊಂಡು ಬಂದರೆ ಸಾಕು.